ನಸ್ರುಲ್ಲಾ ಸಾಬರ ಆನೆತಂತಿ

ಸಕಲೇಶಪುರದ ಹಳೇ ಬಸ್ ಸ್ಟ್ಯಾಂಡಿನ ಹಿಂದೆ ಮೋಟರ್ ವೈಂಡಿಂಗ್ ಅಂಗಡಿ ಇಟ್ಟುಕೊಂಡಿರುವ ನಸ್ರುಲ್ಲಾ ಸಾಬರು ತಮ್ಮ ಐವತ್ತನಾಲ್ಕನೆಯ ವಯಸ್ಸಿನಲ್ಲಿ ಒಂದು ಪರೀಕ್ಷೆ ಪಾಸು ಮಾಡಿದರು. ಆ ವಯಸ್ಸಿನಲ್ಲಿ ಗಂಡಸರು ಸಾಮಾನ್ಯವಾಗಿ ಸಕ್ಕರೆಯ ಪರೀಕ್ಷೆಗೋ ಬಿ.ಪಿ. ಪರೀಕ್ಷೆಗೋ ಕೂರುತ್ತಾರೆ, ಮತ್ತು ಅದರಲ್ಲಿ ಫೇಲಾಗಿ ಮನೆಗೆ ಬರುತ್ತಾರೆ. ಸಾಬರು ಮಂಗಳೂರಿಗೆ ಹೋಗಿ ಬರೆದು ಬಂದದ್ದು ಹ್ಯಾಮ್ ರೇಡಿಯೋ ಪರೀಕ್ಷೆ. ತನ್ನದೇ ಒಂದು ರೇಡಿಯೋ ಇಟ್ಟುಕೊಂಡು, ದೇಶ ವಿದೇಶಗಳಲ್ಲಿ ಹಾಗೆಯೇ ರೇಡಿಯೋ ಇಟ್ಟುಕೊಂಡು ಕೂತಿರುವ ಅಪರಿಚಿತರ ಜೊತೆ ಮಾತಾಡಲು ಸರ್ಕಾರ ಕೊಡುವ ಅನುಮತಿ ಅದು. ಟವರು ಬೇಡ, ಸಿಮ್ಮು ಬೇಡ. ಒಂದು ಪೆಟ್ಟಿಗೆ, ಒಂದು ಬ್ಯಾಟರಿ, ಎತ್ತರದಲ್ಲಿ ಕಟ್ಟಿದ ಒಂದು ತಂತಿ ಇದ್ದರೆ ಆಯಿತು.

ಈ ಹುಚ್ಚು ಹತ್ತಿದ್ದಕ್ಕೆ ಕಾರಣವಿತ್ತು. ಕೆಲವು ವರ್ಷಗಳ ಹಿಂದೆ ಘಾಟಿಯಲ್ಲಿ ಗುಡ್ಡ ಕುಸಿದು, ಕರೆಂಟು ಫೋನು ಎರಡೂ ಸತ್ತು, ಊರಿಗೆ ಊರೇ ಮೂಕವಾಗಿದ್ದಾಗ, ಎಲ್ಲಿಂದಲೋ ಬಂದ ಒಬ್ಬ ಬೋಳುತಲೆಯ ಮನುಷ್ಯ ಶಾಲೆಯ ಜಗಲಿಯಲ್ಲಿ ಕೂತು, ಮರಕ್ಕೊಂದು ತಂತಿ ಎಸೆದು, ಹಾಸನಕ್ಕೂ ಬೆಂಗಳೂರಿಗೂ ಸುದ್ದಿ ಮುಟ್ಟಿಸಿದ್ದ. ಅವನ ಜನರೇಟರ್ ಕೆಟ್ಟಾಗ ರಿಪೇರಿ ಮಾಡಿಕೊಟ್ಟವರು ನಮ್ಮ ಸಾಬರು. ಅವನು ಒಂದು ಕೂಗು ಹಾಕಿದರೆ ಎಲ್ಲಿಂದಲೋ ಒಬ್ಬರು "ಕೇಳುತ್ತಿದೆ, ಹೇಳಿ" ಅನ್ನುವುದನ್ನು ಅವರು ಪಕ್ಕದಲ್ಲೇ ನಿಂತು ಕೇಳಿದ್ದರು. ಮೂವತ್ತು ವರ್ಷ ಮೋಟರಿನ ಸದ್ದು ಬಿಟ್ಟು ಬೇರೇನೂ ಕೇಳಿರದ ಕಿವಿಗೆ ಅದು ಹೊಕ್ಕು ಕೂತುಬಿಟ್ಟಿತು.

ಲೈಸೆನ್ಸು ಅಂಚೆಯಲ್ಲಿ ಬಂದ ದಿನ ಸಾಬರು ಅದನ್ನು ಹೆಂಡತಿ ಮರಿಯಮ್ ಬೀಯ ಮುಂದೆ ಹಿಡಿದರು. ಅದರಲ್ಲಿ ವಿಯು ಮೂರು ಎಂದು ಶುರುವಾಗುವ, ಸಾಬರಿಗೆಂದೇ ಸರ್ಕಾರ ಕೊಟ್ಟ ಕರೆಹೆಸರು ಇತ್ತು. ಮರಿಯಮ್ ಬೀ ಕನ್ನಡಕ ಏರಿಸಿಕೊಂಡು ನೋಡಿದಳು.

"ನಂಬರೇನೋ ಬಂದಿದೆ. ಗಾಡಿ ಎಲ್ಲಿ?"

ಸಾಬರು ವಿವರಿಸಿದರು. ಅವಳು ಪೂರ್ತಿ ಕೇಳಿಸಿಕೊಂಡಳು. ಮನೆಮಾತಾದ ಉರ್ದುವಿನಲ್ಲಿ ಅವಳು ಅಂದದ್ದನ್ನು ಕನ್ನಡಕ್ಕೆ ತಂದರೆ ಹೀಗಾಗುತ್ತದೆ: "ಗುರುತಿಲ್ಲದೋರ ಜೊತೆ ಮಾತಾಡೋಕೆ ಪರೀಕ್ಷೆ ಬರೆದ್ರಾ? ಸರಿ. ಮನೇಲಿರೋರ ಜೊತೆ ಮಾತಾಡೋಕೆ ಯಾವ ಪರೀಕ್ಷೆ ಇದೆ ಅಂತ ಅದನ್ನೂ ವಿಚಾರಿಸಿಕೊಂಡು ಬನ್ನಿ."

ಈ ವಿಷಯದಲ್ಲಿ ಸಾಬರು ಮೇಲ್ಮನವಿ ಹಾಕಲಿಲ್ಲ.

ಮುಂದಿನ ತೊಂದರೆ ತಂತಿಯದ್ದು. ತಂತಿಯನ್ನು ಅವರೇ ಲೆಕ್ಕ ಹಾಕಿ ಅಳೆದಿದ್ದರು, ಸರಿಯಾಗಿ ಅರವತ್ತಾರು ಅಡಿ. ಒಂದೇ ತಂತಿಯಲ್ಲಿ ನಾಲ್ಕು ಬ್ಯಾಂಡು, ಅಂದರೆ ನಾಲ್ಕು ಬೇರೆ ಬೇರೆ ಅಲೆಗಳಲ್ಲಿ ಮಾತಾಡಬಹುದು. ಅದರ ಬುಡಕ್ಕೆ ಬೇಕಾದ ಪುಟ್ಟ ಟ್ರಾನ್ಸ್‌ಫಾರ್ಮರನ್ನು, ಒಂದು ಕಡೆ ಎರಡು ಸುತ್ತು ಇನ್ನೊಂದು ಕಡೆ ಹದಿನಾಲ್ಕು ಸುತ್ತು, ತಮ್ಮ ಕೈಯಾರೆ ಸುತ್ತಿದ್ದರು. ಆದರೆ ಕಟ್ಟುವುದೆಲ್ಲಿ? ಅವರ ಮನೆ ಇದ್ದ ಬೀದಿಯಲ್ಲಿ ತಾರಸಿಯಿಂದ ತಾರಸಿಗೆ ಕೈ ಚಾಚಿ ಸಕ್ಕರೆ ಇಸಿದುಕೊಳ್ಳಬಹುದಿತ್ತು. ಮರ ಅನ್ನುವುದು ಒಂದು ಕರಿಬೇವಿನ ಗಿಡ ಮಾತ್ರ, ಅದೂ ಪಕ್ಕದ ಮನೆಯವರದ್ದು.

ಆಗ ನೆರವಿಗೆ ಬಂದವರು ದೋಣಿಗಲ್ ಮೇಲ್ಗಡೆ ಹತ್ತೆಕರೆ ಕಾಫಿ ತೋಟವಿರುವ ಕರಿಯಪ್ಪ ಗೌಡರು. ಇಪ್ಪತ್ತೈದು ವರ್ಷದಿಂದ ಅವರ ಪಂಪ್‌ಸೆಟ್ಟು ಸುಟ್ಟಾಗಲೆಲ್ಲ ಸಾಬರ ಅಂಗಡಿಗೇ ಬರುತ್ತಿತ್ತು. ಸುಡದೇ ಇದ್ದಾಗಲೂ ಬರುತ್ತಿತ್ತು. ಆಗ ಸಾಬರು ಬಿಚ್ಚಿ ನೋಡಿ, "ಸುಟ್ಟಿಲ್ಲ ಗೌಡ್ರೇ, ಕೆಪಾಸಿಟರ್ ಹೋಗಿದೆ ಅಷ್ಟೇ" ಎಂದು ಅಲ್ಲೇ ಸರಿಮಾಡಿ ಕಳಿಸುತ್ತಿದ್ದರು. ಸುಡದ ಮೋಟರನ್ನು ಸುಟ್ಟಿದೆ ಅನ್ನುವುದು ಬಲು ಸುಲಭ, ಯಾರಿಗೂ ಗೊತ್ತಾಗುವುದಿಲ್ಲ. ಸಾಬರು ಒಂದು ದಿನವೂ ಹಾಗೆ ಅಂದವರಲ್ಲ. ಆ ಸೀಮೆಯಲ್ಲಿ ಅವರಿಗಿದ್ದ ಆಸ್ತಿ ಅಂದರೆ ಆ ಒಂದು ಮಾತು.

"ಮರ ಬೇಕು ಅಂದ್ರೆ ನಂಗೊಂದ್ ಮಾತ್ ಹೇಳೋದಲ್ವ ಸಾಬ್ರೇ?" ಅಂದರು ಗೌಡರು. "ನಮ್ ತೋಟದಾಗೆ ಮರ ಬುಟ್ಟು ಇನ್ನೇನೈತೆ ಮಾರಾಯ? ಯಾವ್ ಮರ ಬೇಕೋ ಅದ್ಕೆ ಕಟ್ಕಳಿ."

ನವೆಂಬರಿನ ಒಂದು ಶುಕ್ರವಾರ, ಅಂಗಡಿಯ ರಜಾ ದಿನ, ಸಾಬರು ಸಾಮಾನು ಹೇರಿಕೊಂಡು ತೋಟಕ್ಕೆ ಹೋದರು. ಗೌಡರು ಕಾಫಿ ದಾಸ್ತಾನಿಡುವ ಸ್ಟೋರಿನ ಪಕ್ಕ ನೆರಳಿಗೆ ಬೆಳೆಸಿದ ಒಂದು ಸಿಲ್ವರ್ ಮರ, ಕಾಫಿ ಒಣಗಿಸುವ ಕಣದ ಆಚೆ ತುದಿಯಲ್ಲಿ, ಹಳ್ಳಕ್ಕೆ ಇಳಿಯುವ ಜಾಗದಲ್ಲಿ ಇನ್ನೊಂದು. ಎರಡೂ ಐವತ್ತಡಿ ಮೀರಿದವು. ಸಣ್ಣ ಕಲ್ಲಿಗೆ ದಾರ ಕಟ್ಟಿ, ರಬ್ಬರು ಬಿಗಿದ ಕವೆಗೋಲಿನಿಂದ ಕೊಂಬೆಯ ಮೇಲಿಂದ ಹಾರಿಸಬೇಕು, ಆಮೇಲೆ ದಾರದ ಹಿಂದೆ ಹಗ್ಗ, ಹಗ್ಗದ ಹಿಂದೆ ತಂತಿ ಎಳೆಯಬೇಕು ಎಂದು ಪುಸ್ತಕ ಹೇಳುತ್ತಿತ್ತು. ಸಾಬರ ಮೊದಲ ಕಲ್ಲು ಸ್ಟೋರಿನ ಶೀಟಿನ ಮೇಲೆ ಬಿದ್ದಿತು. ಎರಡನೆಯದು ಎಲ್ಲಿ ಬಿದ್ದಿತು ಎನ್ನುವುದು ಇಂದಿಗೂ ತಿಳಿದಿಲ್ಲ. ಮೂರನೆಯದು ಮರಕ್ಕೆ ತಾಗಿ, ಅಷ್ಟೇ ವೇಗದಲ್ಲಿ ವಾಪಸು ಬಂದು ಗೌಡರ ಕಾಫಿ ಲೋಟವನ್ನು ಕೆಡವಿತು.

ಮೆಣಸು ಕೊಯ್ಯುವ ಲಕ್ಕಯ್ಯ ಎಲೆಯಡಿಕೆ ಜಗಿಯುತ್ತ ಇದೆಲ್ಲವನ್ನೂ ನೋಡುತ್ತ ಕೂತಿದ್ದ. ಸಿಲ್ವರ್ ಮರಗಳಿಗೆ ಹಬ್ಬಿಸಿದ ಮೆಣಸಿನ ಬಳ್ಳಿಯನ್ನು ಒಂಟಿ ಬಿದಿರಿನ ಏಣಿ ಹಾಕಿ ಹತ್ತಿ ಕೊಯ್ಯುವುದೇ ಅವನ ಹುಟ್ಟು ಕಸುಬು.

"ಸಾಬ್ರೇ, ನಾನ್ ಹತ್ತಿ ಕಟ್ಬುಡ್ಲಾ?"

"ಪುಸ್ತಕದಲ್ಲಿ ಹಾಗಿಲ್ಲ ಲಕ್ಕಯ್ಯ."

"ಪುಸ್ತಕ ಬರ್ದೋರ್ಗೆ ಏಣಿ ಇರ್ಲಿಲ್ವೇನೋ," ಅಂದ ಲಕ್ಕಯ್ಯ, ಮತ್ತು ಕಾಲು ಗಂಟೆಯಲ್ಲಿ ಎರಡೂ ಮರ ಹತ್ತಿ ಇಳಿದ.

ಮರ ಗಾಳಿಗೆ ತೂಗುತ್ತದೆ. ಎರಡು ಮರಗಳ ನಡುವೆ ತಂತಿ ಬಿಗಿದು ಕಟ್ಟಿದರೆ ಮೊದಲ ಗಾಳಿಗೇ ತುಂಡಾಗುತ್ತದೆ. ಅದಕ್ಕೆ ಹಳ್ಳದ ಕಡೆಯ ಮರದಲ್ಲಿ ಒಂದು ರಾಟೆ ಹಾಕಿ, ಹಗ್ಗವನ್ನು ಅದರ ಮೇಲಿಂದ ಇಳಿಬಿಟ್ಟು, ತುದಿಗೆ ಒಂದು ತೂಕ ಕಟ್ಟಬೇಕು. ಮರ ಅತ್ತ ಬಾಗಿದರೆ ತೂಕ ಮೇಲೇರುತ್ತದೆ, ಇತ್ತ ಬಂದರೆ ಕೆಳಗಿಳಿಯುತ್ತದೆ, ತಂತಿ ಕ್ಷೇಮ. ಸಾಬರು ತೂಕಕ್ಕೆಂದು ಹಳೇ ಮೋಟರೊಂದರ ರೋಟರನ್ನು, ಫಳಫಳ ಹೊಳೆಯುವ ಕಬ್ಬಿಣದ ಉಂಡೆಯನ್ನು ಕಟ್ಟಿದರು. ನೋಡಿದವರೆಲ್ಲ ಅದನ್ನು ಗುಂಡು ಅಂದರು. ಈ ಗುಂಡು ಮುಂದೆ ಮಾಡಿದ ಅನಾಹುತಕ್ಕೆ ಗಾಳಿ, ಮರ, ಸಾಬರು ಮೂವರೂ ಪಾಲುದಾರರು.

ಅಂದಿನಿಂದ ಪ್ರತಿ ಶುಕ್ರವಾರ ಬೆಳಿಗ್ಗೆ ಆರಕ್ಕೆ ಸಾಬರು ಸ್ಟೋರಿನ ಮೂಲೆಯಲ್ಲಿ ಪೆಟ್ಟಿಗೆ ತೆರೆದು ಕೂರತೊಡಗಿದರು. ಹನ್ನೊಂದರವರೆಗೆ ಕೂತು, ಮಧ್ಯಾಹ್ನದ ನಮಾಜಿಗೆ ಊರಿಗೆ ವಾಪಸು. ರೇಡಿಯೋ ತುಂಬ ಜನ. ಕೇರಳದವರು ತಮ್ಮ ಆಂಟೆನಾಗಳ ಬಗ್ಗೆ ಮಾತಾಡುತ್ತಿದ್ದರು, ಎಲ್ಲಿಯವನೋ ಒಬ್ಬ ತನ್ನ ಸೊಂಟನೋವಿನ ಬಗ್ಗೆ ಹೇಳುತ್ತಿದ್ದ. ಸಾಬರಿಗೆ ಎಲ್ಲರೂ ಕೇಳುತ್ತಿದ್ದರು. ಸಾಬರು ಮಾತ್ರ ಯಾರಿಗೂ ಕೇಳುತ್ತಿರಲಿಲ್ಲ. "ಸಿಕ್ಯೂ, ಸಿಕ್ಯೂ, ಸಿಕ್ಯೂ," ಎಂದು ಮೂರು ಸಲ ಕೂಗಿ, ತಮ್ಮ ಕರೆಹೆಸರು ಹೇಳಿ, "ಓವರ್" ಅಂದು ಕಿವಿಗೊಟ್ಟರೆ ಬರೀ ಜಳ್ಳು ಹುರಿದ ಸದ್ದು. ಸಿಕ್ಯೂ ಅಂದರೆ ಯಾರಾದರೂ ಇದ್ದೀರಾ ಎಂದು ಕರೆಯುವ ಕೂಗು. ಇದ್ದವರು ಯಾರೂ ಓಗೊಡಲಿಲ್ಲ. ಸಾಬರು ಮರದೆಲೆಯನ್ನು ಬೈದರು, ಘಾಟಿಯನ್ನು ಬೈದರು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಅನ್ನುವ ಗಾದೆ ನೆನಪಾದಾಗ ಬೈಯುವುದನ್ನು ನಿಲ್ಲಿಸಿದರು. ಒಳಗೊಳಗೆ ಅವರಿಗೆ ನಿಜಕ್ಕೂ ನೋವಾಗುತ್ತಿತ್ತು.

ಹೀಗೆ ನಾಲ್ಕನೆಯ ಶುಕ್ರವಾರ ಎಪ್ಪತ್ತು ಸಲ ಕೂಗಿ ಗಂಟಲು ಬಿದ್ದು ಕೂತಿದ್ದಾಗ ಪಕ್ಕದ ತೋಟದ ವಸಂತ ಬಂದ. ಹಿಂದಿನ ವರ್ಷ ಅವನ ಪಂಪ್‌ಹೌಸನ್ನು ಆನೆಯೊಂದು ಬೆನ್ನು ತಿಕ್ಕಿ ಕೆಡವಿತ್ತು. ಅಂದಿನಿಂದ ಅವನ ತಲೆಯಲ್ಲಿ ಆನೆ ಬಿಟ್ಟು ಬೇರೆ ವಿಷಯವಿರಲಿಲ್ಲ.

"ಸಾಬ್ರೇ, ಆನೆ ಕುತ್ಗೆಗೆ ಫಾರೆಸ್ಟ್‌ನೋರು ರೇಡಿಯೋ ಪಟ್ಟಿ ಕಟ್ಟವ್ರಲ್ಲ, ಅದು ಈ ತಂತೀಲಿ ಸಿಗ್ತದಾ?"

ಗೌಡರು, ಲಕ್ಕಯ್ಯ, ತೋಟದ ಲೆಕ್ಕ ಬರೆಯುವ ರೈಟರು, ಕಾಫಿ ಹರವುತ್ತಿದ್ದ ಇಬ್ಬರು, ಎಲ್ಲರೂ ತಿರುಗಿ ನೋಡಿದರು. ಅದು ಬೇರೆ ಅಲೆ, ಬೇರೆ ಯಂತ್ರ, ಇದರಲ್ಲಿ ಸಿಗುವುದಿಲ್ಲ. ಸಾಬರಿಗೆ ಅದು ಚೆನ್ನಾಗಿ ಗೊತ್ತಿತ್ತು. ಆದರೆ ನಾಲ್ಕು ವಾರದಿಂದ ನರಪಿಳ್ಳೆಯೂ ಸಿಗದ ತಂತಿಯ ಕೆಳಗೆ ಕೂತು, ನಾಲ್ಕು ಜನರ ಎದುರು, "ಇದೂ ಸಿಗಲ್ಲ" ಎಂದು ಹೇಗೆ ಹೇಳುವುದು?

"ಯಾಕ್ ಸಿಗಲ್ಲ?" ಅಂದರು ಸಾಬರು. "ಬ್ಯಾಂಡು ಹೊಂದಿಕೊಂಡ್ರೆ ಎಲ್ಲಾ ಸಿಗುತ್ತೆ."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಮೂವತ್ತು ವರ್ಷದಲ್ಲಿ ಸಾಬರು ಸುಡದ ಮೋಟರನ್ನು ಸುಟ್ಟಿದೆ ಅಂದದ್ದು ಅದೇ ಮೊದಲು.

ಮೂರು ದಿನದ ಮೇಲೆ ಗೌಡರ ತೋಟದ ಕೆಳಗೆ ಆನೆ ದಾಟಿತು. ಹಿಂದಿನ ಸಂಜೆ ಗಾಳಿ ಎದ್ದಿತ್ತು. "ಗುಂಡು ಕುಣೀತಿತ್ತು ಕಣ್ರೀ! ನಾನ್ ಕಣ್ಣಾರೆ ನೋಡ್ದೆ," ಅಂದ ಲಕ್ಕಯ್ಯ. ಕಾಗೆ ಕೂತದ್ದಕ್ಕೂ ಕೊಂಬೆ ಮುರಿದದ್ದಕ್ಕೂ ಸರಿಹೋಯಿತು. ಗುಂಡು ಅಲ್ಲಾಡಿದರೆ ಆನೆ ಹತ್ತಿರದಲ್ಲಿದೆ, ಅಲ್ಲಾಡದಿದ್ದರೆ ಇಲ್ಲ. ಇಷ್ಟು ಸರಳವಾದ ಶಾಸ್ತ್ರ ಆ ಸೀಮೆಯಲ್ಲಿ ಹಿಂದೆಂದೂ ಹುಟ್ಟಿರಲಿಲ್ಲ. ವಾರದೊಳಗೆ ಅದಕ್ಕೆ ಉಪಶಾಸ್ತ್ರಗಳೂ ಬಂದವು: ಜೋರಾಗಿ ಕುಣಿದರೆ ಹಿಂಡು, ಮೆಲ್ಲಗೆ ತೂಗಿದರೆ ಒಂಟಿ ಸಲಗ, ನಿಂತಲ್ಲೇ ತಿರುಗಿದರೆ ಮರಿಯಾನೆ.

ಸುದ್ದಿ ಹಬ್ಬಿ ಅರಣ್ಯ ಇಲಾಖೆಯ ಗಾರ್ಡು ಪ್ರದೀಪನ ಕಿವಿಗೂ ಬಿತ್ತು. ಆನೆ ತಡೆಯಲು ಯಾರೋ ತಂತಿಗೆ ಕರೆಂಟು ಬಿಟ್ಟಿದ್ದಾರೆ ಅನ್ನುವ ರೂಪದಲ್ಲಿ ಬಿತ್ತು. ಅವನು ಬೈಕಿನಲ್ಲಿ ಬಂದಾಗ ಕಣದ ತುಂಬ ಜನ.

"ಇದ್ರಲ್ಲಿ ಎಷ್ಟು ಕರೆಂಟ್ ಐತೆ?"

"ಬೇಲಿ ಅಲ್ಲ ಸಾರ್, ಆಂಟೆನಾ. ಹನ್ನೆರಡು ವೋಲ್ಟ್ ಬ್ಯಾಟರಿ ಅಷ್ಟೇ."

"ಮುಟ್ಟಿ ತೋರ್ಸಿ."

ಸಾಬರು ರೇಡಿಯೋ ಆಫ್ ಮಾಡಿ, ತಂತಿಯ ಬುಡವನ್ನು ಎರಡೂ ಕೈಯಲ್ಲಿ ಹಿಡಿದು ನಿಂತರು. ಪ್ರದೀಪ ಎರಡು ನಿಮಿಷ ಕಾದ. ಸಾಬರು ಸಾಯಲಿಲ್ಲ. ಆಮೇಲೆ ಲೈಸೆನ್ಸು ಕೇಳಿದ, ಸಿಂಹದ ಮುದ್ರೆ ನೋಡಿದ, ಪೂರ್ತಿ ಓದಿ ಫೋಟೋ ತೆಗೆದುಕೊಂಡ. ಹುಡುಗ ಒಳ್ಳೆಯವನು, ಅವನಿಗೆ ವಿಷಯ ಅರ್ಥವಾಯಿತು. "ಎಲ್ಲಾ ಕ್ರಮಬದ್ಧವಾಗೈತೆ. ಮಾಡ್ಕಳಿ," ಅಂದ. "ನೀವು ಇಲ್ಲೇ ಕೂರ್ತೀರಲ್ಲ ಸಾಬ್ರೇ, ಆನೆ ಎಲ್ಲೈತೆ ಅಂತ ನಾವು ಮೆಸೇಜ್ ಹಾಕೋ ವಾಟ್ಸಾಪ್ ಗ್ರೂಪಿಗೆ ನಿಮ್ಮನ್ನೂ ಸೇರ್ಸ್ತೀನಿ. ಜನಕ್ಕೆ ಹೇಳ್ಬೋದು."

ಜನ ನೋಡಿದ್ದು ಇಷ್ಟು: ಸರ್ಕಾರದವನು ಬಂದ, ಪರೀಕ್ಷೆ ಮಾಡಿದ, ಕಾಗದ ಓದಿದ, ಆನೆ ಅಂದ, ಮಾಡ್ಕಳಿ ಅಂದ. ಆ ಗಳಿಗೆಯಿಂದ ಅದು ಸರ್ಕಾರಿ ಮಂಜೂರಾತಿ ಇರುವ ಆನೆತಂತಿ.

ಸಾಬರಿಗೆ ಮರ್ಯಾದೆ ಹೆಚ್ಚಿತು. ತೋಟಕ್ಕೆ ಬಂದರೆ ಬೆಲ್ಲದ ಕಾಫಿ, ಅಕ್ಕಿರೊಟ್ಟಿ. ದಾರಿಯಲ್ಲಿ ಜೀಪು ನಿಲ್ಲಿಸಿ, "ಇವತ್ತು ಹೆಂಗೈತೆ ಸಾಬ್ರೇ?" ಎಂದು ಕೇಳುವವರು. ಸಾಬರು ಆಕಾಶ ನೋಡಿ, "ಪರವಾಗಿಲ್ಲ," ಅನ್ನುತ್ತಿದ್ದರು. ಅದು ಸುಳ್ಳಲ್ಲ, ಹವಾಮಾನದ ಬಗ್ಗೆ ಹೇಳಿದ್ದು ಎಂದು ತಮಗೆ ತಾವೇ ಸಮಜಾಯಿಷಿ ಕೊಟ್ಟುಕೊಳ್ಳುತ್ತಿದ್ದರು. ಕರಿಯಪ್ಪ ಗೌಡರಂತೂ ಎದೆಯುಬ್ಬಿಸಿ ನಡೆದರು. ಕಾಫಿ ಕೊಯ್ಲಿಗೆ ಆಳು ಸಿಗದೆ ಎಲ್ಲರೂ ಪರದಾಡುವ ಕಾಲದಲ್ಲಿ ಅವರ ತೋಟಕ್ಕೆ ಮಾತ್ರ ಜನ ತಾವಾಗಿ ಬರುತ್ತಿದ್ದರು. ಆನೆತಂತಿ ಇರುವ ತೋಟವಲ್ಲವೇ?

ಹಾಗೆ ಬರುತ್ತಿದ್ದ ಹನ್ನೆರಡು ಹೆಂಗಸರ ಗುಂಪಿಗೆ ಗಂಗಾಮಣಿ ಮುಂದಾಳು. ನಲವತ್ತೈದರ ಹೆಂಗಸು, ದನಿ ಎತ್ತಿದರೆ ಮೂರು ತೋಟಕ್ಕೆ ಕೇಳುತ್ತಿತ್ತು. ಕೂಲಿಯವರು ಸಾಲಾಗಿ ಇರುವ ಅವರ ಲೈನುಮನೆಗಳಿಂದ ಗೌಡರ ತೋಟಕ್ಕೆ ಎರಡು ದಾರಿ. ಟಾರು ರಸ್ತೆಯಲ್ಲಿ ಸುತ್ತಿ ಬಂದರೆ ಮುಕ್ಕಾಲು ಗಂಟೆ. ಸ್ಟೋರಿನ ಕೆಳಗಿನ ಹಳ್ಳ ಇಳಿದು ಹತ್ತಿದರೆ ಹದಿನೈದು ನಿಮಿಷ, ಮತ್ತು ತೋಟದ ಕೆಳಗಿನ ತುಂಡಿನಲ್ಲಿ ಕೊಯ್ಲಿದ್ದ ದಿನವೂ ಸ್ಟೋರಿನಿಂದ ಹಳ್ಳಕ್ಕೇ ಇಳಿಯಬೇಕು. ಹಳ್ಳದಲ್ಲಿ ಬಿದಿರು, ನೀರು, ನೆರಳು ಇತ್ತು; ಆನೆಗೆ ಬೇಕಾದ ಎಲ್ಲವೂ ಅಲ್ಲೇ ಇತ್ತು. ಮೊದಲಾದರೆ ಒಬ್ಬರೂ ಬೆಳಿಗ್ಗೆ ಆ ಕಡೆ ತಲೆ ಹಾಕುತ್ತಿರಲಿಲ್ಲ.

ಜನವರಿಯ ಎರಡನೆಯ ಶುಕ್ರವಾರ, ಕೆಳಗಿನ ತುಂಡಿನಲ್ಲಿ ಕೊಯ್ಲು. ಮಂಜು ಇನ್ನೂ ಕರಗಿರಲಿಲ್ಲ, ಒಂದೆಲೆ ಅಲ್ಲಾಡುವಷ್ಟೂ ಗಾಳಿ ಇರಲಿಲ್ಲ. ಸಾಬರು ರೇಡಿಯೋ ಎದುರು ಕೂತಿದ್ದರು, ಪಕ್ಕದಲ್ಲಿ ಲಕ್ಕಯ್ಯ ಏಣಿಗೆ ಹಗ್ಗ ಬಿಗಿಯುತ್ತಿದ್ದ. ಕಿಟಕಿಯಾಚೆ ಹೆಂಗಸರ ಮಾತು ಕೇಳಿಸಿತು. ಹೊಸದಾಗಿ ಸೇರಿದ ಹುಡುಗಿ ಗಗನಾ ಕೇಳುತ್ತಿದ್ದಳು: "ಅಕ್ಕಾ, ಈ ಮಂಜಲ್ಲಿ ಹಳ್ಳಕ್ಕೆ ಇಳಿಯೋದಾ? ನಂಗ್ ಭಯ ಆಗ್ತದೆ."

"ಅಲ್ನೋಡು, ಗುಂಡು ಅಲ್ಲಾಡ್ತೈತಾ?"

"ಇಲ್ಲ."

"ಮತ್ತೆ? ಸಾಬ್ರ ತಂತಿ ಐತೆ, ನಡಿ. ಸಾಬ್ರು ಸುಳ್ಳ್ ಹೇಳೋ ಜನ ಅಲ್ಲ."

ಬುಟ್ಟಿಗಳ ಸದ್ದು ಕೆಳಗಿಳಿಯಿತು. ಗುಂಡಿನ ಮಾತು ತಮಾಷೆ ಅಂದುಕೊಂಡಿದ್ದರು ಅವರು, ಅದರ ಮೇಲೆ ಜನ ಕಾಲಿಟ್ಟು ನಡೆಯುತ್ತಾರೆ ಎಂದು ಯೋಚಿಸಿರಲಿಲ್ಲ. ಈಗ ಹೋಗಿ ಹೇಳಲೇ ಎಂದುಕೊಂಡರು. ಹೇಗೆ ಹೇಳಲಿ ಎಂದುಕೊಂಡರು. ಹಾಗೆ ಎಂದುಕೊಳ್ಳುತ್ತಾ ಐದು ನಿಮಿಷ ಕೂತರು. ಆ ಐದು ನಿಮಿಷಕ್ಕೆ ಆಮೇಲೆ ಅವರು ತಮ್ಮನ್ನು ತಾವು ಕ್ಷಮಿಸಿಕೊಳ್ಳಲಿಲ್ಲ.

ಫೋನು ಟಿಣ್ ಅಂದಿತು. ಪ್ರದೀಪನ ಮೆಸೇಜು. ಮೂರು ಆನೆ, ಒಂದು ಮರಿ, ಕರಿಯಪ್ಪನವರ ತೋಟದ ಕೆಳಗಿನ ಹಳ್ಳದಲ್ಲಿ, ಯಾರೂ ಆ ಕಡೆ ಹೋಗಬಾರದು.

ಸಾಬರು ಗಂಗಾಮಣಿಯ ನಂಬರಿಗೆ ಫೋನು ಹಚ್ಚಿದರು. ಹಳ್ಳದಲ್ಲಿ ನೆಟ್‌ವರ್ಕ್ ಎಲ್ಲಿಂದ ಬರಬೇಕು? ಆಗ ಅವರಿಗೆ ಬುದ್ಧಿ ಕೈಕೊಟ್ಟಿತು. ಎದುರಿಗಿದ್ದ ರೇಡಿಯೋದ ಮೈಕನ್ನು ಕಿತ್ತುಕೊಂಡು, ಗುಂಡಿ ಒತ್ತಿ, ಪ್ರಾಣ ಹೋಗುವ ಹಾಗೆ ಕೂಗಿದರು: "ಗಂಗಾಮಣೀ! ಗಂಗಾಮಣೀ! ಗಂಗಾಮಣೀ!" ಆ ಕೂಗು ಅರವತ್ತಾರು ಅಡಿ ತಂತಿ ಹಿಡಿದು ಅರಬ್ಬೀ ಸಮುದ್ರ ದಾಟಿ ಹೋಗಿರಬಹುದು. ಇನ್ನೂರು ಗಜ ಕೆಳಗಿದ್ದ ಗಂಗಾಮಣಿಗೆ ಕೇಳುವ ಸಂಭವವಿರಲಿಲ್ಲ.

ಮೈಕು ಬಿಸುಟು ಓಡಿದರು. ಚಪ್ಪಲಿ ಒಂದು ಸ್ಟೋರಿನಲ್ಲಿ ಉಳಿಯಿತು, ಇನ್ನೊಂದು ಕಾಫಿ ಹರವಿದ ಕಣದಲ್ಲಿ. ಕಣದ ಅಂಚಿನಲ್ಲಿ ನಿಂತು ಎರಡೂ ಕೈ ಬಾಯಿಗೆ ಹಿಡಿದು ಕೂಗಿದರು. ಎರಡು ತಿಂಗಳ ಅಭ್ಯಾಸ ಬಿಟ್ಟೀತೇ?

"ಸಿಕ್ಯೂ! ಸಿಕ್ಯೂ! ಗಂಗಾಮಣೀ, ಗಂಗಾಮಣೀ, ಗಂಗಾಮಣೀ! ನಾನು ನಸ್ರುಲ್ಲಾ, ನಸ್ರುಲ್ಲಾ! ಕೇಳ್ತಿದ್ಯಾ? ಓವರ್!"

ಮಂಜು. ಸದ್ದಿಲ್ಲ.

ಆಮೇಲೆ ಕೆಳಗಿನಿಂದ, ಬಿಳಿಯ ಮಂಜಿನೊಳಗಿಂದ, ಮೂರು ತೋಟಕ್ಕೆ ಕೇಳುವ ಆ ದನಿ ಬಂತು:

"ಕೇಳ್ತೈತೇ... ಏನ್ರೀ ಸಾಬ್ರೇ?"

"ಆನೆ! ಹಳ್ಳದಲ್ಲಿ ಆನೆ! ಮೇಲೆ ಬನ್ನಿ, ಮೇಲೆ ಬನ್ನಿ!"

ಹನ್ನೆರಡು ಹೆಂಗಸರು ಬುಟ್ಟಿ ಎಸೆದು ಹತ್ತಿದರು. ಕೊನೆಯವಳಾಗಿ ಗಂಗಾಮಣಿ, ಗಗನಾಳ ರಟ್ಟೆ ಹಿಡಿದು ಎಳೆದುಕೊಂಡು ಕಣಕ್ಕೆ ಬಂದಾಗ, ಅವರು ಹೋಗಬೇಕಿದ್ದ ಜಾಗದಲ್ಲಿ ಬಿದಿರು ಲಟಲಟನೆ ಮುರಿಯಿತು. ಯಾರಿಗೂ ಏನೂ ಆಗಲಿಲ್ಲ. ಸಾಬರು ಕಣದ ಅಂಚಿನಲ್ಲೇ ಕೂತರು.

ಇದಾಗಿ ಅರ್ಧ ಗಂಟೆಯಲ್ಲಿ ಕಣ ಜಾತ್ರೆಯಾಯಿತು. ಸುತ್ತಲ ತೋಟದವರೆಲ್ಲ ಬಂದರು. ತಂತಿ ಆನೆ ಹಿಡಿದಿದೆ! ಹನ್ನೆರಡು ಜೀವ ಉಳಿಸಿದೆ! ವಸಂತ ಸಾಬರನ್ನು ತಬ್ಬಿಕೊಂಡೇಬಿಟ್ಟ. "ಸಾಬ್ರೇ, ನಂಗೆ ಮೂರು ತಂತಿ. ಇವತ್ತೇ ಅಳತೆ ತಗಳಿ." ಇನ್ನೊಬ್ಬ ತನಗೆ ಗುಂಡು ಸ್ವಲ್ಪ ದೊಡ್ಡದಿರಲಿ ಅಂದ. ಗೌಡರು ಎಲ್ಲರಿಗೂ ಕಾಫಿ ಹಂಚಿಸುತ್ತ, ಮೊದಲು ಮರ ಕೊಟ್ಟವನು ಯಾರು ಎನ್ನುವುದನ್ನು ನೆನಪಿಸುತ್ತಿದ್ದರು.

ಲಕ್ಕಯ್ಯ ಸಾಬರ ಕಿವಿಯ ಬಳಿ ಬಗ್ಗಿದ. "ಸಾಬ್ರೇ, ನೀವ್ ಅತ್ಲಾಗ್ ಓಡಿದ್ರಲ್ಲ, ಆಗ ನಿಮ್ ಪೆಟ್ಟಿಗೇಲಿ ಯಾರೋ ಮಾತಾಡಿದ್ರು. ‘ಗಂಗಾಮಣಿ, ಗಂಗಾಮಣಿ’ ಅಂತ ಕರುದ್ರು. ಇಂಗ್ಲಿಷಿನಾಗೆ ಇನ್ನೂ ಏನೇನೋ ಅಂದ್ರು. ನಾಕ್ ಸಲ ಕರುದ್ರು. ನಾನ್ ಏನಂತ ಹೇಳ್ಲಿ? ಸುಮ್ಕಾದೆ. ಅವ್ರೂ ಸುಮ್ಕಾದ್ರು."

ಸಾಬರು ಅವನ ಮುಖ ನೋಡಿದರು. ಹಾಗಾದರೆ ತಂತಿ ಸರಿಯಾಗಿತ್ತು. ಎಲ್ಲೋ ಒಬ್ಬ ಮನುಷ್ಯ ಅವರ ಕೂಗು ಕೇಳಿ, ಗಂಗಾಮಣಿ ಅಂದರೆ ಯಾವ ಊರೋ ಏನೋ ಎಂದುಕೊಂಡು, ನಾಲ್ಕು ಸಲ ಕರೆದು ಕಾದಿದ್ದ. ಇನ್ನು ಪ್ರತಿ ಶುಕ್ರವಾರ ಇಲ್ಲಿ ಕೂತರೆ ಸಾಕು. ಆ ಆಸೆ ಎಷ್ಟು ಜೋರಾಗಿ ಬಂತೆಂದರೆ ಸಾಬರ ಕಣ್ಣು ತುಂಬಿತು. ಎದುರಿಗೆ ಗಗನಾ ಇನ್ನೂ ಗಂಗಾಮಣಿಯ ಸೆರಗು ಬಿಡದೆ ಕೂತಿದ್ದಳು. ಅವಳನ್ನು ನೋಡಿದ ಮೇಲೆ ಸಾಬರು ಎದ್ದು ನಿಂತರು.

"ಎಲ್ಲರೂ ಕೇಳಿ. ಈ ತಂತಿ ಆನೆ ಹಿಡಿಯಲ್ಲ. ಇದು ಬರೀ ಮಾತಾಡೋ ತಂತಿ. ಆನೆ ಸುದ್ದಿ ಬಂದಿದ್ದು ಫೋನಿಗೆ, ಪ್ರದೀಪ ಸಾರ್ ಕಳಿಸಿದ್ದು."

ವಸಂತ ನಕ್ಕ. "ಫೋನಿಗೆ ಎಲ್ಲಿಂದ ಬಂತು? ತಂತಿ ಪಕ್ಕದಾಗೆ ಇತ್ತಲ್ಲ, ಅದ್ಕೇ ಬಂತು."

"ಅಲ್ಲಪ್ಪ. ಗುಂಡು ಅಲ್ಲಾಡೋದು ಗಾಳಿಗೆ. ಲಕ್ಕಯ್ಯ, ಮರ ಹತ್ತಿ ಅಲ್ಲಾಡಿಸು, ತೋರಿಸು."

ಲಕ್ಕಯ್ಯ ಮರ ಹತ್ತಿ ತುದಿಯನ್ನು ಜಗ್ಗಿದ. ಗುಂಡು ಮೇಲೆ ಕೆಳಗೆ ಕುಣಿಯಿತು. ಜನ ಬಾಯಿ ಬಿಟ್ಟು ನೋಡಿದರು.

"ಲಕ್ಕಯ್ಯನ್ನೂ ಹಿಡೀತೈತೆ ಕಣ್ರೋ!" ಅಂದ ಯಾರೋ ಹಿಂದಿನವನು.

ಸುಳ್ಳು ಹೇಳಲು ಸಾಬರಿಗೆ ಒಂದು ವಾಕ್ಯ ಸಾಕಾಗಿತ್ತು. ನಿಜ ಹೇಳಲು ಎಷ್ಟು ವಾಕ್ಯ ಬೇಕೋ ಲೆಕ್ಕ ಸಿಗಲಿಲ್ಲ. ಸಾಬರು ಪಾಠ ಹೇಳಿದಷ್ಟೂ ಜನ, ಎಷ್ಟು ದೊಡ್ಡಗುಣ, ಗುಟ್ಟು ಬಿಟ್ಟುಕೊಡಲ್ಲ ಎಂದು ತಲೆದೂಗಿದರು. ಆಗ ಗಂಗಾಮಣಿ ಎದ್ದು ಬಂದಳು.

"ಸುಮ್ಕಿರ್ರೋ ಎಲ್ಲ. ನಾನ್ ಹಳ್ಳಕ್ ಇಳಿಯೋವಾಗ ಗುಂಡು ನೋಡಿದ್ದೆ. ಅಲ್ಲಾಡ್ತಿರ್ಲಿಲ್ಲ. ಆನೆ ಹಳ್ಳದಾಗೇ ಇತ್ತು." ಅವಳು ಸಾಬರ ಕಡೆ ತಿರುಗಿದಳು. "ಅಂದ್ರೆ ಅದು ಸುಳ್ಳು. ಅಲ್ವಾ?"

"ಸುಳ್ಳು," ಅಂದರು ಸಾಬರು.

"ಮೊದ್ಲೇ ಯಾಕ್ ಹೇಳ್ಲಿಲ್ಲ? ನಾವ್ ನಂಬಿದ್ದು ಹೇಳಿದೋರು ನೀವು ಅಂತ. ತಂತಿ ಅಂತ ಅಲ್ಲ."

"ನಾಕು ಜನದ ಎದುರು ಮರ್ಯಾದೆ ಹೋಗುತ್ತೆ ಅಂತ ಹೇಳ್ಲಿಲ್ಲ ಗಂಗಾಮಣಿ. ಆಮೇಲೆ ಮರ್ಯಾದೆ ಬಂದುಬಿಡ್ತು, ಅದಕ್ಕೂ ಹೇಳ್ಲಿಲ್ಲ. ತಪ್ಪು ನಂದು."

ಕರಿಯಪ್ಪ ಗೌಡರು ಸಾಬರ ತೋಳು ಹಿಡಿದು ಪಕ್ಕಕ್ಕೆ ಎಳೆದರು. "ಹೋಗ್ಲಿ ಬುಡಿ ಸಾಬ್ರೇ, ಹೇಳಿದ್ದಾಯ್ತಲ್ಲ. ತಂತಿ ಹಂಗೇ ಇರ್ಲಿ. ಜನಕ್ಕೆ ಒಂದ್ ಧೈರ್ಯ."

"ಅದೇ ನನ್ನ ಭಯ ಗೌಡ್ರೇ. ಇವತ್ತು ಇರೋರಿಗೆ ಗೊತ್ತಾಯ್ತು. ನಾಳೆ ಹೊಸಬರು ಬರ್ತಾರೆ, ತಲೆ ಎತ್ತಿ ನೋಡ್ತಾರೆ, ಹಳ್ಳಕ್ಕೆ ಇಳೀತಾರೆ."

"ಗುಂಡ್ ಮಾತ್ರ ತೆಗ್ಯಾನ," ಅಂದ ಮರದಿಂದಿಳಿದ ಲಕ್ಕಯ್ಯ.

"ಗುಂಡಿಲ್ದಿದ್ರೂ ಪರವಾಗಿಲ್ಲ," ಎಂದು ವಸಂತ ತಡಮಾಡದೆ ಸೇರಿಸಿದ. "ತಂತಿ ಝುಂಯ್ ಅಂತದಲ್ಲ, ಅದ್ರಾಗೆ ಗೊತ್ತಾಗ್ತದೆ."

ಸಾಬರು ಗೌಡರ ಮುಖ ನೋಡಿದರು. ಗೌಡರು ವಸಂತನ ಮುಖ ನೋಡಿದರು, ಆಮೇಲೆ ತಲೆ ತಗ್ಗಿಸಿದರು. "ಹತ್ತು ಲಕ್ಕಯ್ಯ. ಬಿಚ್ಬುಡು," ಅಂದರು.

ತಂತಿ ಇಳಿಯುವುದನ್ನು ಇಡೀ ಕಣ ನಿಂತು ನೋಡಿತು. ಸಾಬರು ಕೈಯಿಂದ ಮೊಣಕೈಗೆ, ಮೊಣಕೈಯಿಂದ ಕೈಗೆ ಸುತ್ತುತ್ತ ಹೋದರು. ಅವರು ಜೀವಮಾನವಿಡೀ ತಾಮ್ರದ ತಂತಿ ಸುತ್ತಿದವರು, ಆದರೆ ಇದನ್ನು ಸುತ್ತಲು ಹಿಡಿದಷ್ಟು ಹೊತ್ತು ಬೇರೆ ಯಾವುದಕ್ಕೂ ಹಿಡಿದಿರಲಿಲ್ಲ. ಗಂಗಾಮಣಿ ತನ್ನ ಹೆಂಗಸರನ್ನು ಕರೆದುಕೊಂಡು ರಸ್ತೆಯ ದಾರಿ ಹಿಡಿದಳು. ಸ್ವಲ್ಪ ದೂರ ಹೋಗಿ ನಿಂತು ತಿರುಗಿದಳು.

"ಸಾಬ್ರೇ, ಆ ಫೋನ್ ಮೆಸೇಜು ನಮ್ ಲೈನಿನಾಗೆ ಯಾರ್ಗಾದ್ರೂ ಬರೋ ಹಂಗೆ ಮಾಡ್ಸಿ. ತಂತಿ ಗಿಂತಿ ಬ್ಯಾಡ."

"ಇವತ್ತೇ ಮಾಡಿಸ್ತೀನಿ," ಅಂದರು ಸಾಬರು. ಊರಿಗೆ ಹೋಗುವ ಮೊದಲು ಪ್ರದೀಪನಿಗೆ ಫೋನು ಮಾಡಿ, ಗಗನಾಳ ನಂಬರನ್ನು ಗ್ರೂಪಿಗೆ ಸೇರಿಸಿದ್ದಾಯಿತು.

ನಮಾಜು ಮುಗಿಸಿ ಮನೆಗೆ ಬಂದಾಗ ಮರಿಯಮ್ ಬೀ ಬಾಗಿಲಲ್ಲೇ ಇದ್ದಳು. ಕೈಯಲ್ಲಿದ್ದ ತಂತಿಯ ಸಿಂಬೆ ನೋಡಿದಳು, ಬರಿಗಾಲು ನೋಡಿದಳು. ಊಟಕ್ಕಿಟ್ಟಳು. ಸಾಬರು ಎರಡು ತುತ್ತು ತಿಂದ ಮೇಲೆ ಶುರುಮಾಡಿದರು. ಕವೆಗೋಲಿನ ಕಲ್ಲಿನಿಂದ ಹಿಡಿದು ಮರ್ಯಾದೆಯವರೆಗೆ, ಕೂತು ಯೋಚಿಸಿದ ಆ ಐದು ನಿಮಿಷವನ್ನೂ ಬಿಡದೆ ಹೇಳಿದರು. ಮದುವೆಯಾದ ಮೇಲೆ ಅವರು ಒಂದೇ ಉಸಿರಿನಲ್ಲಿ ಅಷ್ಟು ಮಾತಾಡಿದ್ದನ್ನು ಮರಿಯಮ್ ಬೀ ಕೇಳಿರಲಿಲ್ಲ. ಸಾರು ಆರಿಹೋಯಿತು, ಅವಳು ಎದ್ದು ಬಿಸಿ ಮಾಡಲಿಲ್ಲ.

"ಪಾಪ," ಅಂದಳು ಕೊನೆಗೆ. "ಎರಡು ತಿಂಗಳು ಕೂಗಿದ್ರಿ. ಕೊನೆಗೂ ಯಾರೂ ನಿಮ್ಮ ಜೊತೆ ಮಾತಾಡಲೇ ಇಲ್ಲ."

"ಒಬ್ಬಳು ಮಾತಾಡಿದಳು," ಅಂದರು ಸಾಬರು. "ಮೂರು ಸಲ ಕೂಗಿದೆ. ಕೇಳ್ತೈತೆ ಅಂದಳು."